ಖಿನ್ನತೆಯ ಮಾತ್ರೆಯಿಂದ ಹಾನಿಯಾದರೆ ಕುಟುಂಬದವರು ಎಲ್ಲಿಗೆ ಹೋಗಬೇಕು?

ಮದ್ದಿನಿಂದ ತೊಂದರೆಯಾಯಿತು ಎಂಬ ಒಂದೇ ಕಾರಣಕ್ಕೆ ನಮ್ಮ ದೇಶದಲ್ಲಿ ಯಾರ ಮೇಲೂ ಕೇಸು ನಿಲ್ಲುವುದಿಲ್ಲ. ಖಿನ್ನತೆಗೆ ಕೊಡುವ ಮಾತ್ರೆಗಳ ವಿಷಯದಲ್ಲಿ ಅದು ಇನ್ನೂ ಕಷ್ಟ. ‘ಕಾಯಿಲೆಯೇ ಹಾಗೆ ಮಾಡಿಸಿತು, ಮಾತ್ರೆಯಲ್ಲ’ ಎಂಬ ಉತ್ತರ ಎದುರಿನವರಲ್ಲಿ ಮೊದಲೇ ತಯಾರಿರುತ್ತದೆ. ಆದರೆ ‘ಅಪಾಯ ಇದೆಯೆಂದು ನಮಗೆ ಹೇಳಲಿಲ್ಲ, ನಾವು ಹೇಳಿದ್ದನ್ನು ಕೇಳಲಿಲ್ಲ, ನೋಡಬೇಕಾದ ಹೊತ್ತಿನಲ್ಲಿ ನೋಡಲಿಲ್ಲ’ ಎಂಬ ದೂರಿಗೆ ಕಾನೂನಿನಲ್ಲಿ ಜಾಗ ಇದೆ. ಆ ದೂರು ನಿಲ್ಲುವುದು ಕಾಗದದ ಮೇಲೆ. ಆ ಕಾಗದಗಳಲ್ಲಿ ಹೆಚ್ಚಿನವು ಘಟನೆ ನಡೆದ ಮೊದಲ ಕೆಲವು ವಾರಗಳಲ್ಲೇ ಕೈಗೆ ಸಿಗುತ್ತವೆ, ಇಲ್ಲವೇ ಕೈತಪ್ಪುತ್ತವೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಒಂದು ಹೆಚ್ಚಿನ ತೊಡಕಿದೆ. ಚೀಟಿ ಬರೆದ ವೈದ್ಯರು ಮಂಗಳೂರಿನಲ್ಲೋ ದೇರಳಕಟ್ಟೆಯಲ್ಲೋ ಇರುತ್ತಾರೆ; ಮಾತ್ರೆ ಕೊಂಡದ್ದು ಊರಿನ ಮೆಡಿಕಲ್‌ನಲ್ಲಿ; ತೊಂದರೆ ಆದಾಗ ರಾತ್ರಿ ಓಡಿದ್ದು ಹತ್ತಿರದ ಇನ್ನೊಂದು ಆಸ್ಪತ್ರೆಗೆ. ಒಂದೇ ಕಥೆ ಮೂರು ಕಡೆಯ ದಾಖಲೆಗಳಲ್ಲಿ ಹಂಚಿಹೋಗಿರುತ್ತದೆ. ಅದನ್ನು ಒಟ್ಟುಗೂಡಿಸಿ ಸರಿಯಾದ ಕಚೇರಿಗೆ ಮುಟ್ಟಿಸುವ ದಾರಿ ಹೀಗಿದೆ.

ಮೊದಲು ಜೀವ, ಆಮೇಲೆ ಕೇಸು

ಇದನ್ನು ಓದಿ ಯಾರೂ ಮಾತ್ರೆಯನ್ನು ತಟ್ಟನೆ ನಿಲ್ಲಿಸಬಾರದು. ಎಸ್ಸಿಟಾಲೋಪ್ರಾಂ, ಸರ್ಟ್ರಾಲಿನ್, ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್‌ನಂಥ ಮಾತ್ರೆಗಳಿಂದ ಚೇತರಿಸಿಕೊಂಡವರು ಬಹಳ ಮಂದಿ. ಏಕಾಏಕಿ ಬಿಟ್ಟರೆ ತಲೆಸುತ್ತು, ಕಳವಳ, ನಿದ್ದೆಗೇಡು ಶುರುವಾಗಬಹುದು. ಪ್ಯಾರಾಕ್ಸೆಟಿನ್‌ನಲ್ಲಿ ಇದು ಹೆಚ್ಚು. ಬಿಡುವುದಿದ್ದರೆ ವೈದ್ಯರ ಸಲಹೆಯಂತೆ ಪ್ರಮಾಣ ಇಳಿಸುತ್ತಾ ಬಿಡಬೇಕು.

ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಶುರುಮಾಡಿದ ಮೊದಲ ವಾರಗಳು ಮತ್ತು ಪ್ರಮಾಣ ಬದಲಿಸಿದ ಮೇಲಿನ ದಿನಗಳಲ್ಲಿ ಮನೆಯವರ ಕಣ್ಣು ರೋಗಿಯ ಮೇಲಿರಬೇಕು. ಕೂತಲ್ಲಿ ಕೂರಲಾಗದ ಚಡಪಡಿಕೆ, ರಾತ್ರಿಯಿಡೀ ನಿದ್ದೆಯಿಲ್ಲದೆ ಅಡ್ಡಾಡುವುದು, ಹಿಂದೆಂದೂ ಇಲ್ಲದ ಸಿಟ್ಟು, ಸಾಯುವ ಮಾತು, ಇಲ್ಲವೇ ಅತಿಯಾದ ಹುಮ್ಮಸ್ಸಿನಲ್ಲಿ ದುಡ್ಡು ಚೆಲ್ಲುವುದು ಕಂಡರೆ ಅಂದೇ ವೈದ್ಯರಿಗೆ ತಿಳಿಸಬೇಕು. ವಯಸ್ಸಾದವರಲ್ಲಿ ಗೊಂದಲ, ತೂರಾಡಿ ಬೀಳುವುದು ಕಂಡರೆ ರಕ್ತದ ಸೋಡಿಯಂ ಪರೀಕ್ಷೆ ಮಾಡಿಸಬೇಕು. ಬಿಪಿಯ ಕೆಲವು ಮಾತ್ರೆಗಳ ಜೊತೆ ಇವು ಸೇರಿದಾಗ ಸೋಡಿಯಂ ಕುಸಿಯುವುದುಂಟು. ಟ್ರಮಡಾಲ್ ಎಂಬ ನೋವಿನ ಮದ್ದಿನ ಜೊತೆ ಸೇರಿ ಜ್ವರ, ನಡುಕ, ಬೆವರು ಬಂದರೆ ಅದು ತುರ್ತುಸ್ಥಿತಿ.

ಮನಸ್ಸಿನ ಯಾವುದೇ ಸಂಕಟಕ್ಕೆ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಜೀವಕ್ಕೆ ಅಪಾಯವೆನಿಸಿದರೆ 108 ಅಥವಾ 112.

ಅಡ್ಡಪರಿಣಾಮ ಬೇರೆ, ನಿರ್ಲಕ್ಷ್ಯ ಬೇರೆ

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರ ಅಕ್ಟೋಬರ್‌ನಲ್ಲಿ ಖಿನ್ನತೆಯ ಎಲ್ಲ ಮಾತ್ರೆಗಳ ಮಾಹಿತಿ ಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 4,400ಕ್ಕೂ ಹೆಚ್ಚು ಮಕ್ಕಳು ಮತ್ತು ಹದಿಹರೆಯದವರಿದ್ದ 24 ಪರೀಕ್ಷೆಗಳನ್ನು ಒಟ್ಟಾಗಿ ನೋಡಿದಾಗ, ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಮಾತ್ರೆ ಪಡೆದವರಲ್ಲಿ ನೂರಕ್ಕೆ 4, ಮದ್ದಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 2 ಇತ್ತು. ಆ ಪರೀಕ್ಷೆಗಳಲ್ಲಿ ಆತ್ಮಹತ್ಯೆಯಿಂದ ಸಾವು ಸಂಭವಿಸಿರಲಿಲ್ಲ. 2007ರಲ್ಲಿ ಎಚ್ಚರಿಕೆಯನ್ನು 24 ವರ್ಷದವರೆಗಿನ ಯುವಜನರಿಗೂ ವಿಸ್ತರಿಸಿದರು. ಅದಕ್ಕಿಂತ ಹಿರಿಯರಲ್ಲಿ ಇಂಥ ಹೆಚ್ಚಳ ಕಂಡಿರಲಿಲ್ಲ. 65 ದಾಟಿದವರಲ್ಲಿ ಅಪಾಯ ಕಡಿಮೆಯೇ ಆಗಿತ್ತು.

ಈ ಅಂಕಿಗಳು ಕುಟುಂಬದ ದೂರಿಗೆ ಎರಡು ರೀತಿಯಲ್ಲಿ ತಾಗುತ್ತವೆ. ಅಪಾಯ ವೈದ್ಯಲೋಕಕ್ಕೆ ಗೊತ್ತಿದ್ದದ್ದು. ಆದ್ದರಿಂದ ಹದಿನೇಳರ ಹುಡುಗನಿಗೆ ಮಾತ್ರೆ ಬರೆದು, ಮನೆಯವರಿಗೆ ಒಂದು ಮಾತೂ ಹೇಳದೆ, ಎರಡು ತಿಂಗಳು ಬಿಟ್ಟು ಬನ್ನಿ ಎಂದು ಕಳುಹಿಸಿದ್ದರೆ ಪ್ರಶ್ನೆ ಕೇಳಲು ಆಧಾರವಿದೆ. ಇನ್ನೊಂದೆಡೆ, ಗೊತ್ತಿರುವ ಅಪಾಯವನ್ನು ವಿವರಿಸಿ, ವಾರಕ್ಕೊಮ್ಮೆ ನೋಡಿ, ಚೀಟಿಯಲ್ಲಿ ಬರೆದಿಟ್ಟ ವೈದ್ಯರ ಕೈಯಲ್ಲೂ ಕೆಡುಕು ಆಗಬಹುದು. ಅಂಥಲ್ಲಿ ನಿರ್ಲಕ್ಷ್ಯ ಇಲ್ಲ.

ನ್ಯಾಯಾಲಯಗಳು ನೋಡುವುದು ಅದೇ ವಿದ್ಯೆಯ ಸಾಧಾರಣ ತಜ್ಞರೊಬ್ಬರು ಆ ಹೊತ್ತಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಇವರು ಮಾಡಿದರೇ ಎಂಬುದನ್ನು. ಆದ್ದರಿಂದ ಮನೆಯವರು ತಮಗೆ ತಾವೇ ಈ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು:

• ಮಾತ್ರೆ ಬರೆಯುವ ಮುಂಚೆ ಹಿಂದಿನ ಕಾಯಿಲೆ, ಮನೆತನದಲ್ಲಿ ಉನ್ಮಾದದ ತೊಂದರೆ, ಆಗಲೇ ತಿನ್ನುತ್ತಿದ್ದ ಮದ್ದುಗಳ ಬಗ್ಗೆ ಕೇಳಿದರೇ?
• ಅಡ್ಡಪರಿಣಾಮ ಮತ್ತು ಎಚ್ಚರಿಕೆಯ ಲಕ್ಷಣಗಳನ್ನು ಹೇಳಿದರೇ?
• ಮತ್ತೆ ಯಾವಾಗ ಬರಬೇಕೆಂದು ಚೀಟಿಯಲ್ಲಿ ಬರೆದರೇ?
• ತೊಂದರೆ ಆಗುತ್ತಿದೆಯೆಂದು ಫೋನ್ ಮಾಡಿದಾಗ ಏನು ಹೇಳಿದರು?
• ಮೆಡಿಕಲ್‌ನವರು ಚೀಟಿಯಲ್ಲಿದ್ದ ಮಾತ್ರೆಯನ್ನೇ, ಅದೇ ಪ್ರಮಾಣದಲ್ಲಿ ಕೊಟ್ಟರೇ?
• ಹಳೆಯ ಚೀಟಿಗೆ ತಿಂಗಳುಗಟ್ಟಲೆ ಮಾತ್ರೆ ಸಿಗುತ್ತಾ ಹೋಯಿತೇ?
• ಬರೆದವರಿಗೆ ಈ ಮದ್ದು ಬರೆಯುವ ಅರ್ಹತೆ ಇತ್ತೇ?

ಕೊನೆಯ ಪ್ರಶ್ನೆ ನಮ್ಮ ಕಡೆ ಮುಖ್ಯ. ಮಂಡೆಬಿಸಿ, ನಿದ್ದೆ ಇಲ್ಲ ಎಂದು ಹೋದವರಿಗೆ ಮನೋವೈದ್ಯರಲ್ಲದವರೂ ಮಾತ್ರೆ ಕೊಡುವುದುಂಟು. ಎಂಬಿಬಿಎಸ್ ವೈದ್ಯರು ಬರೆದರೆ ಅದೇ ತಪ್ಪಾಗುವುದಿಲ್ಲ. ಆದರೆ ಹೋಮಿಯೋಪತಿ ಕಲಿತವರು ಅಲೋಪತಿ ಮದ್ದು ಕೊಟ್ಟು ರೋಗಿ ತೀರಿಕೊಂಡ ಪೂನಂ ವರ್ಮಾ ಪ್ರಕರಣದಲ್ಲಿ, ಓದಿರದ ಪದ್ಧತಿಯ ಮದ್ದು ಕೊಡುವುದೇ ನಿರ್ಲಕ್ಷ್ಯ, ಬೇರೆ ಸಾಕ್ಷಿ ಬೇಡ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಚೀಟಿಯಲ್ಲಿ ವೈದ್ಯರ ಪದವಿ ಮತ್ತು ನೋಂದಣಿ ಸಂಖ್ಯೆ ಇದೆಯೇ ನೋಡಿಕೊಳ್ಳಿ.

ಮೊದಲ ವಾರ ಕೂಡಿಡಬೇಕಾದ್ದು

ಚೀಟಿಗಳು: ಮೊದಲನೆಯದರಿಂದ ಕೊನೆಯದರವರೆಗೆ ಎಲ್ಲವೂ. ಮೂಲವನ್ನು ಯಾರಿಗೂ ಕೊಡಬೇಡಿ. ಎರಡೂ ಬದಿಯ ಜೆರಾಕ್ಸ್ ಮತ್ತು ಫೋಟೊ ಇರಲಿ.

ಬಿಲ್ಲು: ಖಿನ್ನತೆಯ ಮಾತ್ರೆಗಳು ಚೀಟಿ ಇದ್ದರೆ ಮಾತ್ರ ಮಾರಬೇಕಾದ ‘ಎಚ್’ ಪಟ್ಟಿಯವು. ಬಿಲ್ಲಿನಲ್ಲಿ ಮದ್ದಿನ ಹೆಸರು, ಬ್ಯಾಚ್ ನಂಬರ್ ಇರುತ್ತದೆ. ಜೊತೆಗೆ ಕೊಡುವ ಅಲ್ಪ್ರಾಜೋಲಾಂ, ಜೋಲ್ಪಿಡೆಮ್‌ನಂಥ ನಿದ್ದೆ ಮಾತ್ರೆಗಳು 2014ರಿಂದ ‘ಎಚ್1’ ಪಟ್ಟಿಯಲ್ಲಿವೆ. ಅವುಗಳಿಗೆ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಬಿಲ್ಲು ಕಳೆದಿದ್ದರೂ ಆ ಪುಸ್ತಕ ಸಾಕ್ಷಿಯಾದೀತು.

ಸ್ಟ್ರಿಪ್: ಉಳಿದ ಮಾತ್ರೆಗಳನ್ನೂ ಖಾಲಿ ಸ್ಟ್ರಿಪ್‌ಗಳನ್ನೂ ಎಸೆಯಬೇಡಿ. ತಯಾರಿಸಿದವರು ಯಾರು, ಮಾರಾಟಕ್ಕೆ ಬಿಟ್ಟವರು ಯಾರು, ಬ್ಯಾಚ್, ಅವಧಿ ಎಲ್ಲವೂ ಅದರ ಬೆನ್ನಿನ ಮೇಲಿದೆ. ಲಕೋಟೆಗೆ ಹಾಕಿ ತಾರೀಕು ಬರೆದಿಡಿ. ಮನೆಯಲ್ಲಿ ಬೇರೆಯವರ ಕೈಗೆ ಸಿಗದಂತೆ ಬೀಗದೊಳಗಿರಲಿ.

ಆಸ್ಪತ್ರೆಯ ದಾಖಲೆ: ದಾಖಲಾಗಿದ್ದ ರೋಗಿಯ ಕಡತವನ್ನು ಮೂರು ವರ್ಷ ಇಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳು ಹೇಳುತ್ತವೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 25ನೇ ಕಲಂ ರೋಗಿಗೆ ತನ್ನ ಮೂಲಭೂತ ದಾಖಲೆ ಪಡೆಯುವ ಹಕ್ಕು ಕೊಟ್ಟಿದೆ. ಅದೇ ಕಾಯ್ದೆಯಲ್ಲಿ ಗೋಪ್ಯತೆಯ ಕಲಂ ಕೂಡ ಇರುವುದರಿಂದ, ರೋಗಿ ಬದುಕಿದ್ದರೆ ಅವರ ಸಹಿಯೊಂದಿಗೇ ಅರ್ಜಿ ಕೊಡಿ. ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ಸಂಬಂಧ ತೋರಿಸುವ ಕಾಗದ ಸೇರಿಸಿ.

ಬಾಯಲ್ಲಿ ಕೇಳಿದರೆ ಸಾಲದು. ಹೀಗೆ ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ:

“ನನ್ನ ಮಗ … ಇವರು ತಾ. … ರಿಂದ … ರವರೆಗೆ ನಿಮ್ಮಲ್ಲಿ ಚಿಕಿತ್ಸೆ ಪಡೆದಿದ್ದಾರೆ. ಹೊರರೋಗಿ ಮತ್ತು ಒಳರೋಗಿ ಕಡತ, ಶುಶ್ರೂಷಕರ ಟಿಪ್ಪಣಿ, ಔಷಧ ಪಟ್ಟಿ, ರಕ್ತಪರೀಕ್ಷೆ ವರದಿ, ಒಪ್ಪಿಗೆ ಪತ್ರ, ಬಿಡುಗಡೆ ಸಾರಾಂಶಗಳ ದೃಢೀಕೃತ ಪ್ರತಿಗಳನ್ನು 72 ಗಂಟೆಯೊಳಗೆ ಕೊಡಬೇಕಾಗಿ ಕೋರುತ್ತೇನೆ. ಪ್ರತಿಗಳ ಶುಲ್ಕ ಕೊಡಲು ಸಿದ್ಧನಿದ್ದೇನೆ.”

ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿಯೂ ಆಗುತ್ತದೆ.

ದಿನಚರಿ: ಯಾವ ದಿನ ಮಾತ್ರೆ ಶುರುವಾಯಿತು, ಪ್ರಮಾಣ ಯಾವಾಗ ಏರಿತು, ಚಡಪಡಿಕೆ ಯಾವಾಗ ಕಂಡಿತು, ಯಾರಿಗೆ ಫೋನ್ ಮಾಡಿದಿರಿ ಎಂಬುದನ್ನು ನೆನಪಿರುವಾಗಲೇ ಬರೆಯಿರಿ. ವಾಟ್ಸ್ಆ್ಯಪ್ ಸಂದೇಶ, ಕರೆಯ ಪಟ್ಟಿ ಅಳಿಸಬೇಡಿ. ತೀರಿಕೊಂಡವರ ಮೊಬೈಲನ್ನು ಅಳಿಸಿ ಬೇರೆಯವರಿಗೆ ಕೊಡಬೇಡಿ.

ಸಾವು ಸಂಭವಿಸಿದ್ದರೆ

ಅಸಹಜ ಸಾವಾದರೆ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂನಡಿ ಯುಡಿಆರ್ ಎಂಬ ಅಸಹಜ ಸಾವಿನ ವರದಿ ದಾಖಲಿಸುತ್ತಾರೆ. ಮನೆಯವರ ಮೊದಲ ಹೇಳಿಕೆ ಬರೆಯುವುದು ಆಗಲೇ. ಮಾನ ಹೋದೀತೆಂಬ ಅಂಜಿಕೆಯಿಂದ ‘ಹೊಟ್ಟೆನೋವು ತಾಳಲಾರದೆ’ ಎಂದೋ ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂದೋ ಬರೆಸಿ ಸಹಿ ಹಾಕುವವರು ಬಹಳ. ಠಾಣೆಯ ಬರವಣಿಗೆಗೂ ಅದು ರೂಢಿಯ ವಾಕ್ಯ. ಆರು ತಿಂಗಳ ಬಳಿಕ ‘ಮಾತ್ರೆಯಿಂದ ಹೀಗಾಯಿತು’ ಎಂದು ದೂರು ಕೊಟ್ಟರೆ ಎದುರಿನ ವಕೀಲರು ಮೊದಲು ಎತ್ತಿ ತೋರಿಸುವುದು ಆ ಸಹಿಯನ್ನೇ.

ಆದ್ದರಿಂದ ಗೊತ್ತಿದ್ದಷ್ಟನ್ನು ಇದ್ದಂತೆ ಬರೆಸಿ: ಇಂಥ ದಿನದಿಂದ ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಇಷ್ಟು ದಿನಗಳಿಂದ ವರ್ತನೆ ಬದಲಾಗಿತ್ತು, ವೈದ್ಯರಿಗೆ ತಿಳಿಸಿದ್ದೆವು. ಯಾರ ಮೇಲೂ ಆರೋಪ ಹೊರಿಸಬೇಕಾಗಿಲ್ಲ. ಉಳಿದ ಮಾತ್ರೆಗಳನ್ನು ಪೊಲೀಸರು ವಶಕ್ಕೆ ಪಡೆದರೆ ಮಹಜರಿನಲ್ಲಿ ಬ್ಯಾಚ್ ನಂಬರ್ ಸೇರಿಸಲು ಕೇಳಿ. ಮರಣೋತ್ತರ ಪರೀಕ್ಷೆಯ ವೈದ್ಯರಿಗೂ ಮಾತ್ರೆಯ ಹೆಸರು ತಿಳಿಸಿದರೆ ಒಳಾಂಗಗಳ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವಾಗ ಏನು ಹುಡುಕಬೇಕೆಂದು ಬರೆಯುತ್ತಾರೆ. ಯುಡಿಆರ್, ಮಹಜರು, ಮರಣೋತ್ತರ ಪರೀಕ್ಷೆ, ಪ್ರಯೋಗಾಲಯದ ವರದಿ, ಈ ನಾಲ್ಕರ ಪ್ರತಿಗಳನ್ನು ಪಡೆಯಿರಿ.

ಠಾಣೆಯಲ್ಲಿ ಕೆಲಸ ಮುಂದೆ ಸಾಗದಿದ್ದರೆ ಮೇಲಧಿಕಾರಿ ಯಾರೆಂದು ಗೊತ್ತಿರಲಿ. ಬಂಟ್ವಾಳ, ವಿಟ್ಲ, ಪುಂಜಾಲಕಟ್ಟೆ, ಬೆಳ್ತಂಗಡಿ, ವೇಣೂರು, ಧರ್ಮಸ್ಥಳ ಠಾಣೆಗಳು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರ ಕೈಕೆಳಗಿವೆ. ಮೂಡುಬಿದಿರೆ ಠಾಣೆ ಮಾತ್ರ ಮಂಗಳೂರು ನಗರ ಪೊಲೀಸ್ ಕಮಿಷನರ್ ವ್ಯಾಪ್ತಿಯದು.

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಮನೆಯವರು ಕೇಸಾದೀತೆಂದು ಹೆದರಿ ಸತ್ಯ ಮುಚ್ಚಿಡಬೇಕಾಗಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ.

ಹೊಣೆ ಯಾರ ಮೇಲೆ?

ದೂರಿನಲ್ಲಿ ಎದುರುದಾರರಾಗಿ ನಾಲ್ವರು ಬರಬಹುದು: ವೈದ್ಯರು, ಆಸ್ಪತ್ರೆ, ಮೆಡಿಕಲ್‌ನವರು, ಔಷಧ ಕಂಪನಿ. ಸಿಟ್ಟಿನಲ್ಲಿ ನಾಲ್ವರನ್ನೂ ಸೇರಿಸುವ ಮುಂಚೆ ಯಾರ ತಪ್ಪಿಗೆ ಏನು ಆಧಾರವಿದೆ ಎಂದು ನೋಡಬೇಕು.

ಕಂಪನಿಯ ಮೇಲೆ ಕೇಸು ಹಾಕುವುದು ಅತ್ಯಂತ ಕಠಿಣ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವಿದೆ. ತಯಾರಿಕೆಯ ದೋಷ, ಸಾಕಷ್ಟು ಎಚ್ಚರಿಕೆ ಕೊಡದಿರುವುದು ಎರಡೂ 84ನೇ ಕಲಂನಡಿ ಬರುತ್ತವೆ. ಮಾತ್ರೆ ಬೇರೆಯವರಿಂದ ಮಾಡಿಸಿ ತನ್ನ ಹೆಸರು ಹಾಕಿ ಮಾರುವ ಕಂಪನಿಯೂ ತಯಾರಕನೆಂದೇ ಲೆಕ್ಕ. ಆದರೆ 87ನೇ ಕಲಂ ಒಂದು ವಿನಾಯಿತಿ ಕೊಟ್ಟಿದೆ: ತಜ್ಞರ ಉಸ್ತುವಾರಿಯಲ್ಲಷ್ಟೇ ಬಳಸಬೇಕಾದ ವಸ್ತುವಾಗಿದ್ದು, ಆ ತಜ್ಞರಿಗೆ ತಯಾರಕ ಸೂಕ್ತ ರೀತಿಯಲ್ಲಿ ಎಚ್ಚರಿಕೆ ಮುಟ್ಟಿಸಿದ್ದರೆ, ಎಚ್ಚರಿಸಲಿಲ್ಲವೆಂಬ ದೂರು ಕಂಪನಿಯ ಮೇಲೆ ನಿಲ್ಲದು. ಚೀಟಿಯ ಮೇಲೆ ಸಿಗುವ ಮದ್ದು ಈ ವಿನಾಯಿತಿಯೊಳಗೆ ಬೀಳುತ್ತದೆ. ಅಂದರೆ ಕಂಪನಿ ವೈದ್ಯರಿಗೆ ಹೇಳಿತ್ತು ಎಂದಾದರೆ, ವೈದ್ಯರು ನಿಮಗೆ ಹೇಳಿದರೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಅಂಗಡಿಯವರಿಗೂ 86ನೇ ಕಲಂ ಇದೆ: ತಯಾರಕ ಕೊಟ್ಟ ಎಚ್ಚರಿಕೆ, ಸೂಚನೆಗಳನ್ನು ಕೊಂಡವರಿಗೆ ದಾಟಿಸದಿದ್ದರೆ ಹೊಣೆ ಬರಬಹುದು.

ಹೊರದೇಶದಲ್ಲೂ ಈ ದಾರಿ ಸುಲಭವಾಗಿರಲಿಲ್ಲ. ಅಮೆರಿಕದ ವಯೋಮಿಂಗ್‌ನಲ್ಲಿ 2001ರಲ್ಲಿ, ಪ್ಯಾಕ್ಸಿಲ್ ಎಂಬ ಹೆಸರಿನ ಪ್ಯಾರಾಕ್ಸೆಟಿನ್ ಶುರುಮಾಡಿದ ಎರಡೇ ದಿನಕ್ಕೆ ಮನೆಯವರನ್ನು ಕೊಂದು ತಾನೂ ಸತ್ತ ವ್ಯಕ್ತಿಯ ಪ್ರಕರಣದಲ್ಲಿ, ಬದುಕುಳಿದ ಬಂಧುಗಳಿಗೆ 64 ಲಕ್ಷ ಡಾಲರ್ ಕೊಡಬೇಕೆಂದು ಜ್ಯೂರಿ ಹೇಳಿತು. ತಪ್ಪಿನಲ್ಲಿ ನೂರಕ್ಕೆ 80 ಪಾಲು ಕಂಪನಿಯದೆಂದು ತೀರ್ಮಾನಿಸಿತು. 2010ರಲ್ಲಿ ತೀರಿಕೊಂಡ ಷಿಕಾಗೋದ ವಕೀಲ ಸ್ಟೂವರ್ಟ್ ಡೋಲಿನ್ ಅವರ ಪತ್ನಿ ವೆಂಡಿ 2017ರಲ್ಲಿ ಪ್ಯಾಕ್ಸಿಲ್‌ನ ಕಂಪನಿ ಗ್ಲಾಕ್ಸೋ ಸ್ಮಿತ್‌ಕ್ಲೈನ್ ವಿರುದ್ಧ 30 ಲಕ್ಷ ಡಾಲರಿನ ತೀರ್ಪು ಗೆದ್ದರು. ಡೋಲಿನ್ ನುಂಗಿದ್ದು ಬೇರೆ ಕಂಪನಿಯ ಜೆನೆರಿಕ್ ಪ್ಯಾರಾಕ್ಸೆಟಿನ್ ಮಾತ್ರೆ. ಮರುವರ್ಷ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಸಂಶೋಧನೆಯ ಕಡತಗಳನ್ನು ಕಂಪನಿಯಿಂದ ಹೊರಗೆಳೆಯುವ ಅಲ್ಲಿನ ಕಾನೂನಿನ ಬಲವಿದ್ದೂ ಇಷ್ಟು. ಆದ್ದರಿಂದ ನಮ್ಮಲ್ಲಿ ಕುಟುಂಬಕ್ಕೆ ಗಟ್ಟಿಯಾದ ನೆಲೆ ಸಿಗುವುದು ಚಿಕಿತ್ಸೆಯ ಲೋಪವನ್ನು ತೋರಿಸಿದಾಗ.

ಯಾವ ಕಚೇರಿ, ಯಾವ ಪರಿಹಾರ

ಗ್ರಾಹಕರ ಆಯೋಗ. ಹಣದ ಪರಿಹಾರಕ್ಕೆ ಮೊದಲ ಬಾಗಿಲು ಮಂಗಳೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ತೀರ್ಮಾನವಾಗಿದೆ. ಹೊಸ ಕಾಯ್ದೆಯಲ್ಲೂ ಅದೇ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿತು. ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ, ಚಿಕಿತ್ಸೆ ಬೆಂಗಳೂರಿನಲ್ಲೋ ಕೇರಳದಲ್ಲೋ ಆಗಿದ್ದರೂ ಬೆಳ್ತಂಗಡಿಯವರು ಮಂಗಳೂರಿಗೆ ಬಂದರೆ ಸಾಕು. ರೋಗಿ ತೀರಿಕೊಂಡಿದ್ದರೆ ವಾರಸುದಾರರು, ಅಪ್ರಾಪ್ತರಾಗಿದ್ದರೆ ತಂದೆ ತಾಯಿ ದೂರು ಕೊಡಬಹುದು.

ಕೇಳುವ ಪರಿಹಾರ ಎಷ್ಟೇ ಇರಲಿ, ಯಾವ ಆಯೋಗ ಎಂದು ನಿಶ್ಚಯವಾಗುವುದು ನೀವು ಸೇವೆಗೆ ಕೊಟ್ಟ ಹಣದ ಮೇಲೆ. ಆ ಮೊತ್ತ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದೊಳಗಿದ್ದರೆ ದೂರಿನ ಶುಲ್ಕವೇ ಇಲ್ಲ. ಕೊಟ್ಟ ಹಣದ ಮೇಲೆ ಆಯೋಗ ನಿಶ್ಚಯಿಸುವ ಈ ಲೆಕ್ಕ ಸರಿಯೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಎತ್ತಿಹಿಡಿದಿದೆ. ಮಾತ್ರೆಗೂ ವೈದ್ಯರ ಫೀಸಿಗೂ ಕೆಲವು ಸಾವಿರ ಖರ್ಚಾದ ಮನೆಯವರು ಶುಲ್ಕವಿಲ್ಲದೆ ಜಿಲ್ಲಾ ಆಯೋಗಕ್ಕೇ ಹೋಗಬಹುದು. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ದೂರಿಗೂ ಅವಕಾಶವಿದೆ. ಪ್ರಾಥಮಿಕ ಸಲಹೆಗೆ 1915 ಸಹಾಯವಾಣಿ ಇದೆ. ಗಡುವು ಎರಡು ವರ್ಷ. ಮೀರಿದರೆ ವಿಳಂಬಕ್ಕೆ ಒಪ್ಪುವಂಥ ಕಾರಣ ಕೊಡಬೇಕಾಗುತ್ತದೆ.

ಸರ್ಕಾರಿ ಆಸ್ಪತ್ರೆ. ಯಾರಿಂದಲೂ ಹಣ ಪಡೆಯದೆ ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವಲ್ಲಿ ಗ್ರಾಹಕ ಕಾಯ್ದೆ ಅನ್ವಯಿಸುವುದಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತ ಎನ್ನುವ ಆಸ್ಪತ್ರೆಯಾದರೆ ಉಚಿತ ರೋಗಿಯೂ ಗ್ರಾಹಕನೇ. ವಿಮೆಯವರು ಹಣ ಕಟ್ಟಿದ್ದರೂ ಹಾಗೆಯೇ. ಪೂರ್ಣ ಉಚಿತದ ಕಡೆ ಲೋಪವಾಗಿದ್ದರೆ ಮೊದಲು ಮಂಗಳೂರಿನ ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತ ದೂರು, ಆಮೇಲೆ ಸಿವಿಲ್ ದಾವೆ, ಹೈಕೋರ್ಟಿನ ರಿಟ್ ಅಥವಾ ರಾಜ್ಯ ಮಾನವ ಹಕ್ಕುಗಳ ಆಯೋಗ ಎಂಬ ದಾರಿಗಳಿವೆ.

ಕರ್ನಾಟಕ ವೈದ್ಯಕೀಯ ಪರಿಷತ್ತು. ವೈದ್ಯರ ನಡತೆಯ ವಿಚಾರಣೆ ಬೆಂಗಳೂರಿನ ಈ ಪರಿಷತ್ತಿನದು. ಎಚ್ಚರಿಕೆ ಕೊಡಬಹುದು, ಸ್ವಲ್ಪ ಕಾಲಕ್ಕೆ ಅಥವಾ ಶಾಶ್ವತವಾಗಿ ನೋಂದಣಿಯಿಂದ ಹೆಸರು ತೆಗೆಯಬಹುದು. ಹಣ ಕೊಡಿಸುವ ಅಧಿಕಾರವಿಲ್ಲ. ಆರು ತಿಂಗಳಲ್ಲಿ ತೀರ್ಮಾನ ಎಂಬುದು ನಿಯಮ. ಲೋಪವಾಗಿದೆಯೆಂದು ಅದು ಹೇಳಿದರೆ ಗ್ರಾಹಕರ ಆಯೋಗದ ಕೇಸಿಗೆ ಬಲ ಬರುತ್ತದೆ.

ಖಾಸಗಿ ಕ್ಲಿನಿಕ್, ಆಸ್ಪತ್ರೆಗಳ ನೋಂದಣಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ನೋಂದಣಿ ಇಲ್ಲದ ಕ್ಲಿನಿಕ್, ಅರ್ಹತೆ ಇಲ್ಲದವರ ಚಿಕಿತ್ಸೆ, ದಾಖಲೆ ಕೊಡದಿರುವುದು, ಈ ಬಗೆಯ ದೂರುಗಳು ಅಲ್ಲಿಗೆ.

ಔಷಧ ನಿಯಂತ್ರಣ ಅಧಿಕಾರಿಗಳು. ಚೀಟಿ ಇಲ್ಲದೆ ಮಾರಿದ್ದು, ತಪ್ಪು ಮಾತ್ರೆ ಕೊಟ್ಟದ್ದು, ಮಾತ್ರೆಯ ಗುಣಮಟ್ಟದ ಸಂಶಯ ಇವರ ವ್ಯಾಪ್ತಿ. ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ 26ನೇ ಕಲಂನಡಿ ಜನಸಾಮಾನ್ಯರೂ ಶುಲ್ಕ ಕಟ್ಟಿ, ಕೊಂಡ ಮದ್ದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ನಕಲಿ ಅಥವಾ ಕಲಬೆರಕೆ ಮದ್ದಿನಿಂದ ಸಾವು ಇಲ್ಲವೇ ತೀವ್ರ ಗಾಯವಾದದ್ದು ರುಜುವಾತಾದರೆ ಅಪರಾಧಿಗೆ ಹಾಕುವ ದಂಡ, ಕನಿಷ್ಠ 10 ಲಕ್ಷ ರೂಪಾಯಿ, ನೊಂದವರಿಗೇ ಸೇರಬೇಕು.

ಪೊಲೀಸ್ ದೂರು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ. ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ಆದರೆ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಗೆರೆ ಇದೆ: ಕ್ರಿಮಿನಲ್ ಕೇಸಿಗೆ ಘೋರ ನಿರ್ಲಕ್ಷ್ಯ ಬೇಕು, ಪೊಲೀಸರು ಮುಂದುವರಿಯುವ ಮುಂಚೆ ಅದೇ ವಿಭಾಗದ ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು, ಮಾಮೂಲಿಯಾಗಿ ಬಂಧಿಸಬಾರದು. ಮಾತ್ರೆಯ ಪ್ರಕರಣಗಳಲ್ಲಿ ಈ ಮಟ್ಟ ಮುಟ್ಟುವುದು ಅಪರೂಪ.

ಅಡ್ಡಪರಿಣಾಮದ ವರದಿ. ಘಾಜಿಯಾಬಾದ್‌ನ ಭಾರತೀಯ ಔಷಧ ಸಂಹಿತೆ ಆಯೋಗ ನಡೆಸುವ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ರೋಗಿಗಳೇ ವರದಿ ಮಾಡಬಹುದು. ಉಚಿತ ಸಂಖ್ಯೆ 1800-180-3024. ಅರ್ಜಿ ನಮೂನೆ ಕನ್ನಡದಲ್ಲೂ ಇದೆ. ಇದರಿಂದ ಪರಿಹಾರ ಸಿಗದು, ವರದಿಯೊಂದೇ ಪುರಾವೆಯೂ ಆಗದು. ಆದರೂ ಇಂಥ ದಿನ ಇಂಥ ತೊಂದರೆಯನ್ನು ತಿಳಿಸಿದ್ದೆವು ಎಂಬುದಕ್ಕೆ ದಾಖಲೆಯಾಗುತ್ತದೆ.

ಉಚಿತ ವಕೀಲರು. ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆಯ ನ್ಯಾಯಾಲಯಗಳಲ್ಲೇ ಕಾನೂನು ಸೇವೆಯ ನೆರವು ಕೇಳಬಹುದು. ಮಂಗಳೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಮಾನಸಿಕ ಕಾಯಿಲೆಯವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ತಾಯಿಯ ಅಥವಾ ಹೆಂಡತಿಯ ಹೆಸರಿನಲ್ಲಿ ದೂರಿದ್ದರೆ ಈ ಅನುಕೂಲ ನೇರವಾಗಿ ಸಿಗುತ್ತದೆ. ಸಹಾಯವಾಣಿ 15100.

ಕೇಸಿನ ಕುತ್ತಿಗೆ: ಮಾತ್ರೆಯಿಂದಲೇ ಆಯಿತೇ?

ಎಲ್ಲ ಕೇಸಿಗೂ ತಜ್ಞರ ಅಭಿಪ್ರಾಯ ಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ವಿ. ಕಿಶನ್ ರಾವ್ ಪ್ರಕರಣದಲ್ಲಿ ಹೇಳಿದೆ. ತಪ್ಪು ಮಾತ್ರೆ ಕೊಟ್ಟದ್ದು, ಹತ್ತರ ಬದಲು ನೂರು ಮಿಲಿಗ್ರಾಂ ಬರೆದದ್ದು ಮೇಲ್ನೋಟಕ್ಕೇ ಕಾಣುತ್ತದೆ. ಆದರೆ ವರ್ತನೆಯ ಬದಲಾವಣೆ ಮದ್ದಿನದೇ, ಕಾಯಿಲೆಯದೇ ಎಂಬಲ್ಲಿ ಸಂಬಂಧವಿಲ್ಲದ ಒಬ್ಬ ಮನೋವೈದ್ಯರ ಲಿಖಿತ ಅಭಿಪ್ರಾಯ ಇಲ್ಲದೆ ಹೆಜ್ಜೆ ಇಡಲಾಗದು. ಊರಿನ ವೈದ್ಯರು ಪರಸ್ಪರ ಪರಿಚಿತರಾದ್ದರಿಂದ ಬೇರೆ ಜಿಲ್ಲೆಯವರನ್ನು ಕೇಳುವುದು ಒಳ್ಳೆಯದು. ಸರ್ಕಾರಿ ವೈದ್ಯಕೀಯ ಕಾಲೇಜಿನ ಮಂಡಳಿಯಿಂದ ಅಭಿಪ್ರಾಯ ತರಿಸುವಂತೆ ಆಯೋಗವನ್ನೇ ಕೋರಲೂಬಹುದು.

ತಜ್ಞರು ನೋಡುವುದು ಕೆಲವೇ ಸಂಗತಿ. ಮಾತ್ರೆ ಶುರುವಾದ ಮೇಲೆ ಲಕ್ಷಣ ಬಂತೇ, ಮುಂಚೆಯೇ ಇತ್ತೇ? ಪ್ರಮಾಣ ಏರಿಸಿದಾಗ ಹೆಚ್ಚಿತೇ? ನಿಲ್ಲಿಸಿದಾಗ ಇಳಿಯಿತೇ? ಬೇರೆ ಕಾರಣ, ಉದಾಹರಣೆಗೆ ಮದ್ಯ, ಸಾಲ, ಬೇರೆ ಮದ್ದು ಇತ್ತೇ? ನಾರಾಂಜೊ ಅಳತೆ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯೂ ಇವನ್ನೇ ಕೇಳುತ್ತದೆ. ನಿಮ್ಮ ದಿನಚರಿ ಕೆಲಸಕ್ಕೆ ಬರುವುದು ಇಲ್ಲಿ. ಕುಡಿತ, ಜಗಳ, ಸಾಲ ಇದ್ದರೆ ವಕೀಲರಿಂದ ಮುಚ್ಚಿಡಬೇಡಿ. ಎದುರಿನವರು ಹೇಗೂ ಹೊರತೆಗೆಯುತ್ತಾರೆ.

ಎಷ್ಟು ವರ್ಷ, ಎಷ್ಟು ನಿರೀಕ್ಷೆ?

ಮದ್ದಿನ ತಪ್ಪು ಬಳಕೆಗೆ ನಮ್ಮ ದೇಶದಲ್ಲಿ ಸಿಕ್ಕ ದೊಡ್ಡ ಪರಿಹಾರದ ಉದಾಹರಣೆ ಕೋಲ್ಕತಾದ್ದು. ಅಮೆರಿಕದಿಂದ ರಜೆಗೆ ಬಂದಿದ್ದ ಮನಶ್ಶಾಸ್ತ್ರಜ್ಞೆ ಅನುರಾಧಾ ಸಾಹಾ ಅವರಿಗೆ ಚರ್ಮದ ತೊಂದರೆಗೆ ಅತಿಯಾದ ಪ್ರಮಾಣದಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಲಾಗಿತ್ತು. 1998ರ ಮೇ 28ರಂದು ತೀರಿಕೊಂಡರು. ಪತಿ ಡಾ. ಕುನಾಲ್ ಸಾಹಾ ಕ್ರಿಮಿನಲ್ ಕೇಸನ್ನೂ ಗ್ರಾಹಕ ದೂರನ್ನೂ ಹಾಕಿದರು. 2009ರಲ್ಲಿ ಸುಪ್ರೀಂ ಕೋರ್ಟ್ ವೈದ್ಯರನ್ನು ಕ್ರಿಮಿನಲ್ ಹೊಣೆಯಿಂದ ಬಿಟ್ಟಿತು, ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಿತ್ತೆಂಬುದನ್ನು ಒಪ್ಪಿತು. 2013ರ ಅಕ್ಟೋಬರ್‌ನಲ್ಲಿ ಸುಮಾರು 5.96 ಕೋಟಿ ರೂಪಾಯಿ ಮತ್ತು ಬಡ್ಡಿ ಕೊಡಲು ಆದೇಶವಾಯಿತು. ಪತಿಯೇ ವೈದ್ಯರಾಗಿದ್ದು, ಪುಟ ಪುಟ ದಾಖಲೆ ಓದಬಲ್ಲವರಾಗಿದ್ದೂ ಹದಿನೈದು ವರ್ಷ ಹಿಡಿಯಿತು.

ಬೆಳ್ತಂಗಡಿ ತಾಲೂಕಿನವರಿಗೆ ಇನ್ನೂ ಹತ್ತಿರದ ಪಾಠ ಎಂಡೋಸಲ್ಫಾನ್‌ನದು. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕಕ್ಕೂ ಕೊಕ್ಕಡ, ನಿಡ್ಲೆ, ಪಟ್ರಮೆಯ ಮಕ್ಕಳ ಅಂಗವೈಕಲ್ಯಕ್ಕೂ ನಂಟಿದೆಯೆಂದು ಒಂದೊಂದೇ ಮನೆಯವರು ತೋರಿಸಬೇಕಾಗಿದ್ದರೆ ಇಂದಿಗೂ ಆಗುತ್ತಿರಲಿಲ್ಲ. ಹಳ್ಳಿಯವರು ಒಟ್ಟಾಗಿ ಹೋರಾಡಿ ಸಮೀಕ್ಷೆ ಮಾಡಿಸಿದ್ದರಿಂದ, ಹೈಕೋರ್ಟ್ ಕಣ್ಣಿಟ್ಟದ್ದರಿಂದ, ಅಂಗವೈಕಲ್ಯದ ಪ್ರಮಾಣ ನೋಡಿ ಮಾಸಾಶನ ಕೊಡುವ ವ್ಯವಸ್ಥೆ ಬಂತು. ಗಡಿಯಾಚೆ ಕಾಸರಗೋಡಿನ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರ್ಕಾರಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿ 10ರಂದು ಆದೇಶಿಸಿತು. ಮಾತ್ರೆಯ ಹಾನಿ ಹಾಗಲ್ಲ. ಅದು ಒಂಟಿ ಮನೆಗಳಲ್ಲಿ, ಬಾಗಿಲು ಹಾಕಿಕೊಂಡ ಕೋಣೆಗಳಲ್ಲಿ ಆಗುವಂಥದ್ದು. ನೆರೆಯವರಿಗೂ ತಿಳಿಯಗೊಡದ ಮನೆಯವರಿಗೆ ಗುಂಪಿನ ಬಲ ಸಿಗುವುದಿಲ್ಲ. ಅದರ ಬದಲಿಗೆ ಇರುವುದು ಸ್ವಂತ ದಾಖಲೆಯ ಬಲ ಮಾತ್ರ.

ಗ್ರಾಹಕರ ಆಯೋಗ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಪು ಕೊಡಬೇಕೆಂದು ಕಾನೂನಿನಲ್ಲಿದ್ದರೂ ವರ್ಷಗಟ್ಟಲೆ ಕಾಯಲು ತಯಾರಿರಿ. ಸೋತವರು 45 ದಿನದಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು.

ದೂರಿನ ಒಡಲು ಹೀಗಿರಲಿ

ಆವೇಶದ ಹತ್ತು ಪುಟಕ್ಕಿಂತ ತಾರೀಕಿನ ಎರಡು ಪುಟ ಮೇಲು. ‘ಈ ಕಂಪನಿಗಳು ಜನರನ್ನು ಕೊಲ್ಲುತ್ತಿವೆ’ ಎಂಬ ವಾಕ್ಯದಿಂದ ಕೇಸಿಗೆ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ:

“ತಾ. … ರಂದು ಎದುರುದಾರರು ನನ್ನ ಮಗಳಿಗೆ … ಮಾತ್ರೆ … ಮಿ.ಗ್ರಾಂ. ಬರೆದರು. ಆಗ ಅವಳ ವಯಸ್ಸು 19. ಯುವಜನರಲ್ಲಿ ಮೊದಲ ವಾರಗಳಲ್ಲಿ ಇರುವ ಅಪಾಯವನ್ನು ಅವಳಿಗಾಗಲಿ ನಮಗಾಗಲಿ ತಿಳಿಸಿಲ್ಲ. ಮರುಭೇಟಿಗೆ ಎರಡು ತಿಂಗಳ ಬಳಿಕ ಬರಲು ಚೀಟಿಯಲ್ಲಿ ಬರೆದಿದ್ದಾರೆ. 9ನೇ ದಿನ ಚಡಪಡಿಕೆ ಶುರುವಾಯಿತು. 11ನೇ ದಿನ ಎರಡು ಸಲ ಕರೆ ಮಾಡಿದ್ದೇವೆ, ಕರೆಯ ಪಟ್ಟಿ ಲಗತ್ತಿಸಿದೆ. ನೋಡಲು ಕರೆಯದೆ ಪ್ರಮಾಣ ಹೆಚ್ಚಿಸಲು ಹೇಳಿದರು. 14ನೇ ದಿನ …”

ಪ್ರತಿ ವಾಕ್ಯದ ಎದುರು ಒಂದು ಕಾಗದದ ಸಂಖ್ಯೆ ಬರೆಯಿರಿ. ಕಾಗದವಿಲ್ಲದ ವಾಕ್ಯಕ್ಕೆ ಯಾರು ಸಾಕ್ಷಿ ಎಂದು ಬರೆಯಿರಿ. ಎರಡೂ ಇಲ್ಲದ್ದನ್ನು ಬಿಡಿ. ಆಸ್ಪತ್ರೆ ಖರ್ಚು, ಕಳೆದುಹೋದ ದುಡಿಮೆ, ಮುಂದಿನ ಆರೈಕೆ, ಮಾನಸಿಕ ಯಾತನೆ ಹೀಗೆ ಪರಿಹಾರದ ಲೆಕ್ಕವನ್ನೂ ಬಿಡಿಬಿಡಿಯಾಗಿ ಕೊಡಿ.

ಇಷ್ಟು ಜೋಡಿಸಿದ ಮೇಲೂ ವೈದ್ಯರು ಎಚ್ಚರಿಸಿದ್ದರು, ಕರೆದಾಗ ನೋಡಿದ್ದರು, ಸರಿಯಾದ ಮಾತ್ರೆಯನ್ನೇ ಕೊಟ್ಟಿದ್ದರು ಎಂದು ನಿಮ್ಮ ಕಾಗದಗಳೇ ಹೇಳಿದರೆ, ಕೇಸು ಬೇಡ ಎನ್ನುವ ವಕೀಲರ ಮಾತು ಕೇಳಿ. ಔಷಧ ಜಾಗೃತಿ ವರದಿಯೊಂದನ್ನು ಕಳುಹಿಸಿ ಅಲ್ಲಿಗೆ ನಿಲ್ಲಿಸಿ. ಲೋಪ ಕಂಡರೆ ಕಾಯಬೇಡಿ. ಪರಿಷತ್ತಿನ ಉತ್ತರ ಬರಲಿ, ಪೊಲೀಸ್ ವರದಿ ಮುಗಿಯಲಿ ಎಂದು ಕೂತರೂ ಎರಡು ವರ್ಷದ ಗಡುವು ತನ್ನಷ್ಟಕ್ಕೆ ಓಡುತ್ತಿರುತ್ತದೆ. ಆ ಕೊನೆಯ ತಾರೀಕನ್ನು ಕಡತದ ಮೇಲೆ ದೊಡ್ಡದಾಗಿ ಬರೆದಿಟ್ಟು, ಅದಕ್ಕಿಂತ ಆರು ತಿಂಗಳ ಮೊದಲೇ ಮಂಗಳೂರಿನ ಆಯೋಗದಲ್ಲಿ ದೂರು ದಾಖಲಿಸಿಬಿಡಿ.